ಹಳ್ಳಿಯ ರಂಗಕ್ಕೆ ಅಗ್ಗದ ಬೆಳಕು

ನಾಟಕ ನೋಡಿ ಬಂದವರು ಪಾತ್ರಧಾರಿಗಳ ಮಾತುಗಾರಿಕೆಯನ್ನು ಹೊಗಳುತ್ತಾರೆ; ಹಾರ್ಮೋನಿಯಂ ನುಡಿಸಿದವರ ಕೈಚಳಕವನ್ನು ಕೊಂಡಾಡುತ್ತಾರೆ; ಪರದೆ, ಉಡುಗೆ, ಕಿರೀಟಗಳ ವಿಚಾರವಾಗಿಯೂ ನಾಲ್ಕು ಮಾತನಾಡುತ್ತಾರೆ. ಆದರೆ ಇವೆಲ್ಲವನ್ನೂ ಕಣ್ಣಿಗೆ ಕಾಣಿಸಿದ ಬೆಳಕನ್ನು ನೆನೆಯುವವರು ವಿರಳ. ಬೆಳಕು ಸರಿಯಾಗಿದ್ದರೆ ಅದು ಇದೆಯೆಂಬುದೇ ನಮ್ಮ ಗಮನಕ್ಕೆ ಬಾರದು. ಕೆಟ್ಟಾಗ ಮಾತ್ರ ಎಲ್ಲರೂ ಒಟ್ಟಿಗೆ ಕೂಗುತ್ತೇವೆ. ಹೀಗೆ ನಮ್ಮ ಗಮನದಿಂದ ತಪ್ಪಿಸಿಕೊಂಡು ಹೋಗುವ ಈ ರಂಗದ ಬೆಳಕಿನ ವಿಚಾರವಾಗಿ ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಹಿರಿಯೂರು ತಾಲ್ಲೂಕಿನ ನಮ್ಮ ಹರಿಯಬ್ಬೆಯಂಥ ಗ್ರಾಮಗಳಲ್ಲಿ ಇಂದು ಮದುವೆಯ ಆರತಕ್ಷತೆಯಾಗಲಿ, ಗಣೇಶನ ವಿಸರ್ಜನೆಯಾಗಲಿ, ಜಾತ್ರೆಯ ಆರ್ಕೆಸ್ಟ್ರಾ ಆಗಲಿ, ಪೌರಾಣಿಕ ನಾಟಕವಾಗಲಿ, ಎಲ್.ಇ.ಡಿ. ದೀಪಗಳಿಲ್ಲದೆ ನಡೆಯುವುದಿಲ್ಲ. ಡಿ.ಜೆ. ಎಂದು ಕರೆಯಲ್ಪಡುವ ಧ್ವನಿವರ್ಧಕದ ಗಾಡಿಯೊಡನೆ ಈ ಬಣ್ಣದ ದೀಪಗಳೂ ಊರೂರು ಸುತ್ತುತ್ತವೆ. ಓದು ಅರ್ಧಕ್ಕೆ ನಿಂತ ಎಷ್ಟೋ ಯುವಕರಿಗೆ ಇದೊಂದು ಜೀವನೋಪಾಯವಾಗಿದೆ. ನನ್ನ ಅಣ್ಣನೂ ಅಂಥವರಲ್ಲೊಬ್ಬ. ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ಆತ, ನಮ್ಮ ತಾಯಿಯ ಹೆಸರಿನಲ್ಲಿ ಸ್ತ್ರೀಶಕ್ತಿ ಸಂಘದಿಂದ ಸಾಲ ಪಡೆದು ದೀಪಗಳನ್ನು ಕೊಂಡಿದ್ದಾನೆ. ವಾರವಾರವೂ ಕಂತು ಕಟ್ಟಬೇಕು. ದೀಪದ ಜೊತೆಗೆ ಪೆಟ್ಟಿಗೆಯಲ್ಲಿ ಬರುವ ಪುಸ್ತಿಕೆಯಾದರೋ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಅದನ್ನು ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಲಾ ವಿಭಾಗದ ವಿದ್ಯಾರ್ಥಿ. ವಿಜ್ಞಾನ ನನ್ನ ಪಾಠವಲ್ಲ. ಆದರೂ ಓದಿ, ಕೇಳಿ, ಕೈಯಲ್ಲಿ ಹಿಡಿದು ನೋಡಿ ತಿಳಿದುಕೊಂಡದ್ದನ್ನು ಸರಳವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹಿಂದಿನ ಬೆಳಕು

ನಮ್ಮ ನಾಡಿನಲ್ಲಿ ಬಯಲಾಟಗಳು ಬಹುಕಾಲ ಪಂಜಿನ ಬೆಳಕಿನಲ್ಲಿ, ಎಣ್ಣೆಯ ದೀಪದ ಬೆಳಕಿನಲ್ಲಿ ನಡೆದುವು. ವೇಷಗಾರರು ಮುಖಕ್ಕೆ ದಟ್ಟವಾದ ಬಣ್ಣ ಬಳಿದುಕೊಳ್ಳುವುದಕ್ಕೂ, ಹೊಳೆಯುವ ಭುಜಕೀರ್ತಿ ಧರಿಸುವುದಕ್ಕೂ ಮಂದವಾದ ಆ ಬೆಳಕು ಒಂದು ಕಾರಣವೆಂದರೆ ತಪ್ಪಾಗಲಾರದು. ಅನಂತರ ಬಂದದ್ದು ಗ್ಯಾಸ್‌ಲೈಟು. ಸೀಮೆಎಣ್ಣೆಯನ್ನು ಒತ್ತಡದಿಂದ ಆವಿಯಾಗಿಸಿ, ರೇಷ್ಮೆಯ ಚೀಲದಂತಿರುವ ಮ್ಯಾಂಟಲ್ಲಿನೊಳಗೆ ಉರಿಸುವ ದೀಪವಿದು. ಆಸ್ಟ್ರಿಯದ ಕಾರ್ಲ್ ಆಯರ್ ಎಂಬ ವಿಜ್ಞಾನಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಮ್ಯಾಂಟಲ್ಲನ್ನು ಕಂಡುಹಿಡಿದನು. ಜರ್ಮನಿಯಲ್ಲಿ ತಯಾರಾದ ಪೆಟ್ರೋಮ್ಯಾಕ್ಸ್ ಎಂಬ ದೀಪದ ಹೆಸರೇ ಮುಂದೆ ಈ ಜಾತಿಯ ದೀಪಗಳಿಗೆಲ್ಲ ಅಂಟಿಕೊಂಡಿತು.

ನಮ್ಮ ಅಜ್ಜ ಮದುವೆಯ ಮೆರವಣಿಗೆಗಳಲ್ಲಿ ಕೂಲಿಗಾಗಿ ಗ್ಯಾಸ್‌ಲೈಟು ಹೊರುತ್ತಿದ್ದರು. ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಸುಡುವ ದೀಪ, ಕಾಲಡಿಗೆ ಕಲ್ಲುದಾರಿ. ಮದುಮಕ್ಕಳ ಮುಖ ಎಲ್ಲರಿಗೂ ಕಾಣುತ್ತಿತ್ತು. ಹೊತ್ತವರ ಮುಖ ದೀಪದ ಅಡಿಯ ನೆರಳಿನಲ್ಲಿರುತ್ತಿತ್ತು. ಊಟಕ್ಕೆ ಅವರನ್ನು ಕರೆಯುತ್ತಿದ್ದುದು ಕಡೆಯ ಪಂಕ್ತಿಗೆ. ಬೆಳಕಿನ ಕೆಲಸ ಮಾಡುವವನು ಕಲಾವಿದನಲ್ಲ, ಕೇವಲ ಹೊರೆಯಾಳು ಎಂಬ ಭಾವನೆ ನಮ್ಮಲ್ಲಿ ಬೇರೂರಿದುದು ಬಹುಶಃ ಅಂದಿನಿಂದಲೇ. ಆ ಭಾವನೆ ಇಂದಿಗೂ ಪೂರ್ತಿಯಾಗಿ ಹೋಗಿಲ್ಲ.

ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗೂ, ೧೯೦೫ರಲ್ಲಿ ಬೆಂಗಳೂರಿಗೂ ಬಂದಿತು. ವಿದ್ಯುದ್ದೀಪ ಬಂದ ಮೇಲೆ ವೃತ್ತಿನಾಟಕ ಕಂಪನಿಗಳ ವೈಭವಕ್ಕೆ ಹೊಸ ಕಳೆ ಏರಿತು. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯ ದೃಶ್ಯವೈಭವವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಮುಂದೆ ಹವ್ಯಾಸಿ ರಂಗಭೂಮಿಯಲ್ಲಿ ಬೆಳಕನ್ನೇ ಒಂದು ಕಲೆಯಾಗಿ ಸಾಧಿಸಿದವರೂ ಬಂದರು, ಕರ್ನಾಟಕದಲ್ಲಿ ವಿ. ರಾಮಮೂರ್ತಿಯವರ ಹೆಸರು ಈ ಕ್ಷೇತ್ರದಲ್ಲಿ ಪ್ರಸಿದ್ಧವಾದುದು. ಆದರೆ ಈ ಬೆಳಕು ನಗರದ ರಂಗಮಂದಿರಗಳಲ್ಲೇ ಉಳಿಯಿತು; ಹಳ್ಳಿಗೆ ಬರಲಿಲ್ಲ. ಇದಕ್ಕೆ ಕಾರಣವೇನು? ಉತ್ತರ ವಿದ್ಯುತ್ತಿನ ಲೆಕ್ಕದಲ್ಲಿದೆ.

ಹಳೆಯ ದೀಪದ ಹಸಿವು

ರಂಗದಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಪಾರ್ ೬೪ ಎಂಬ ದೀಪ. ಪಾರ್ ಎಂದರೆ ಅಲ್ಯೂಮಿನಿಯಂ ಲೇಪದ ಬಟ್ಟಲಿನಂಥ ಕನ್ನಡಿಯುಳ್ಳ ದೀಪ. ೬೪ ಎಂಬುದು ಅದರ ಅಗಲವನ್ನು ಅಂಗುಲದ ಎಂಟನೆಯ ಒಂದು ಪಾಲಿನಲ್ಲಿ ಅಳೆದ ಲೆಕ್ಕ. ಅಂದರೆ ಎಂಟು ಅಂಗುಲ. ಇಂಥ ಒಂದು ದೀಪಕ್ಕೆ ಸಾಮಾನ್ಯವಾಗಿ ೧೦೦೦ ವ್ಯಾಟ್ ವಿದ್ಯುತ್ತು ಬೇಕು. ಎಂಟು ದೀಪ ಹಚ್ಚಿದರೆ ೮೦೦೦ ವ್ಯಾಟ್. ೨೩೦ ವೋಲ್ಟಿನಲ್ಲಿ ಸುಮಾರು ೩೫ ಆಂಪಿಯರ್. ಹಳ್ಳಿಯ ಮನೆಯ ಸಂಪರ್ಕದಿಂದ ಇದನ್ನು ಎಳೆಯುವ ಮಾತೇ ಇಲ್ಲ. ದೊಡ್ಡ ಜನರೇಟರ್ ತರಿಸಬೇಕು, ಅದಕ್ಕೆ ರಾತ್ರಿಯಿಡೀ ಡೀಸಲ್ ಸುರಿಯಬೇಕು. ಇಷ್ಟು ಉಂಡೂ ಆ ದೀಪ ಕೊಡುವ ಬೆಳಕೆಷ್ಟು? ತಂತಿಯನ್ನು ಕಾಯಿಸಿ ಬೆಳಕು ಪಡೆಯುವ ದೀಪಗಳಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚಿನ ಶಕ್ತಿ ಶಾಖವಾಗಿಯೇ ಹೋಗುತ್ತದೆ. ಅದರ ಮುಂದೆ ನೀಲಿಯ ಬಣ್ಣದ ಹಾಳೆಯನ್ನು ಕಟ್ಟಿದರಂತೂ, ಉಳಿದ ಅಲ್ಪ ಬೆಳಕಿನಲ್ಲಿಯೂ ಹತ್ತನೆಯ ಒಂದು ಪಾಲು ಕೂಡ ಹೊರಗೆ ಬರುವುದು ಕಷ್ಟ. ಗಾಢವಾದ ಬಣ್ಣದ ಹಾಳೆ ಬಣ್ಣವನ್ನು ಕೊಡುವುದಿಲ್ಲ. ಬೇರೆ ಬಣ್ಣಗಳನ್ನೆಲ್ಲ ನುಂಗಿ ಒಂದನ್ನು ಮಾತ್ರ ಬಿಡುತ್ತದೆ.

ಎಲ್.ಇ.ಡಿ. ಎಂದರೇನು?

ಎಲ್.ಇ.ಡಿ. ಯಲ್ಲಿ ಕಾಯುವ ತಂತಿಯಿಲ್ಲ. ಅರೆವಾಹಕ ವಸ್ತುವಿನ ಎರಡು ಬಗೆಯ ಪದರಗಳನ್ನು ಕೂಡಿಸಿ ಮಾಡಿದ ಸಣ್ಣ ಚೂರು ಅದು. ವಿದ್ಯುತ್ತು ಈ ಕೂಡುಗೆರೆಯನ್ನು ದಾಟುವಾಗ ಎಲೆಕ್ಟ್ರಾನುಗಳು ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ಇಳಿಯುತ್ತವೆ. ಇಳಿಯುವಾಗ ಬಿಡುಗಡೆಯಾದ ಶಕ್ತಿಯೇ ಬೆಳಕಾಗುತ್ತದೆ. ನಮ್ಮ ಮಾರಿಕಣಿವೆಯ ಕಟ್ಟೆಯಿಂದ ಬೀಳುವ ನೀರನ್ನು ಇಲ್ಲಿ ನೆನೆಯಬಹುದು. ಬೀಳುವ ಎತ್ತರ ಕಡಮೆಯಾದರೆ ರಭಸವೂ ಕಡಮೆ, ಎತ್ತರ ಹೆಚ್ಚಾದರೆ ರಭಸವೂ ಹೆಚ್ಚು. ಹಾಗೆಯೇ ಎರಡು ಮಟ್ಟಗಳ ಅಂತರ ಕಿರಿದಾದರೆ ಕೆಂಪು, ಹಿರಿದಾದರೆ ನೀಲಿ. ಯಾವ ವಸ್ತುವನ್ನು ಉಪಯೋಗಿಸಿದೆ ಎಂಬುದರ ಮೇಲೆ ಈ ಅಂತರವೂ, ಆದುದರಿಂದ ಬಣ್ಣವೂ ನಿಶ್ಚಯವಾಗುತ್ತದೆ.

ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ. ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ೧೯೬೨ರಲ್ಲಿ ಮಾಡಿ ತೋರಿಸಿದರು. ಪ್ರಕಾಶಮಾನವಾದ ನೀಲಿ ಬೆಳಕು ಮಾತ್ರ ಮೂವತ್ತು ವರ್ಷ ಕೈಗೆ ಸಿಗಲಿಲ್ಲ. ಗ್ಯಾಲಿಯಂ ನೈಟ್ರೈಡ್ ಎಂಬ ಹಠಮಾರಿ ವಸ್ತುವನ್ನು ಪಳಗಿಸಿ ಇದನ್ನು ಸಾಧಿಸಿದವರು ಜಪಾನಿನ ವಿಜ್ಞಾನಿಗಳಾದ ಅಕಾಸಾಕಿ, ಅಮಾನೋ ಮತ್ತು ನಕಾಮುರಾ. ೧೯೯೩ರಲ್ಲಿ ಇಂಥ ದೀಪ ಮಾರುಕಟ್ಟೆಗೆ ಬಂದಿತು. ೨೦೧೪ರಲ್ಲಿ ಮೂವರಿಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ನೀಲಿ ದೊರೆತ ಮೇಲೆ ಅದರ ಮುಂದೆ ಹಳದಿ ಬಣ್ಣ ಕೊಡುವ ಲೇಪ ಹಚ್ಚಿ ಬಿಳಿಯ ಬೆಳಕನ್ನೂ ಪಡೆದರು. ೨೦೧೫ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ಹಳ್ಳಿಗಳ ಮನೆಮನೆಗೂ ಬಂದ ೯ ವ್ಯಾಟಿನ ಬಲ್ಬು ಇದೇ ಜಾತಿಯದು.

ಈಗ ಲೆಕ್ಕವನ್ನು ಮತ್ತೆ ಮಾಡೋಣ. ನಿಜವಾಗಿ ೭೫ ವ್ಯಾಟ್ ಉಣ್ಣುವ ಎಂಟು ಎಲ್.ಇ.ಡಿ. ಪಾರ್ ದೀಪಗಳಿಗೆ ಬೇಕಾದುದು ೬೦೦ ವ್ಯಾಟ್, ಅಂದರೆ ಮೂರು ಆಂಪಿಯರಿಗೂ ಕಡಮೆ. ಆರು ಘಂಟೆಯ ನಾಟಕಕ್ಕೆ ಹಳೆಯ ಎಂಟು ದೀಪಗಳು ೪೮ ಯೂನಿಟ್ ಉಂಡರೆ, ಇವು ೩.೬ ಯೂನಿಟ್‌ನಲ್ಲಿ ಮುಗಿಸುತ್ತವೆ. ಬಿಳಿಯ ಬೆಳಕಿನಲ್ಲಿ ಈ ಅಗ್ಗದ ದೀಪ ೧೦೦೦ ವ್ಯಾಟಿನ ದೀಪಕ್ಕೆ ಸಮನಾಗದು, ನಿಜ. ಆದರೆ ನೀಲಿ, ಕೆಂಪುಗಳಂಥ ಗಾಢ ಬಣ್ಣದಲ್ಲಿ ಧೈರ್ಯವಾಗಿ ಎದುರು ನಿಲ್ಲುತ್ತದೆ. ಏಕೆಂದರೆ ಬೇಕಾದ ಬಣ್ಣವನ್ನೇ ಹುಟ್ಟಿಸುವ ಈ ದೀಪಕ್ಕೆ ಹಾಳೆಯಲ್ಲಿ ನಷ್ಟವಾಗುವ ಪ್ರಮೇಯವೇ ಇಲ್ಲ. ಬೆಲೆಯಾದರೂ ಎರಡು-ಮೂರು ಸಾವಿರ ರೂಪಾಯಿಯ ಆಸುಪಾಸು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನಲ್ಲಿಯೇ ತರಬಹುದಾದಷ್ಟು ಹಗುರ. ಹಳ್ಳಿಯ ರಂಗಕ್ಕೆ ಬಣ್ಣದ ಬೆಳಕು ಬಂದ ರಹಸ್ಯ ಇಷ್ಟೇ.

ಚೀಟಿಯ ವ್ಯಾಟೂ ಮೀಟರಿನ ವ್ಯಾಟೂ

ಅಗ್ಗದ ಮಾಲಿನಲ್ಲಿ ಮೊದಲು ಪರೀಕ್ಷಿಸತಕ್ಕದ್ದು ವ್ಯಾಟಿನ ಮಾತು. ದೀಪದ ಬೆನ್ನಿಗೆ "೫೪ × ೩ ವ್ಯಾಟ್" ಎಂದು ಚೀಟಿ ಅಂಟಿಸಿರುತ್ತಾರೆ. ೫೪ ಮಣಿಗಳು, ಒಂದೊಂದೂ ೩ ವ್ಯಾಟಿನದು, ಗುಣಿಸಿದರೆ ೧೬೨. ಆದರೆ ೩ ವ್ಯಾಟ್ ಎಂಬುದು ಆ ಮಣಿ ತಡೆದುಕೊಳ್ಳಬಲ್ಲ ಗರಿಷ್ಠ ಪ್ರಮಾಣವೇ ಹೊರತು, ಅದಕ್ಕೆ ಕೊಟ್ಟಿರುವ ವಿದ್ಯುತ್ತಲ್ಲ. ಮಣಿಗಳು ಬೇಗ ಕಾಯ್ದು ಕೆಡಬಾರದೆಂದೂ, ಒಳಗಿನ ವಿದ್ಯುತ್ ಸರಬರಾಜಿನ ಖರ್ಚು ಉಳಿಯಲೆಂದೂ ಕಡಮೆ ವಿದ್ಯುತ್ತಿನಲ್ಲಿ ಉರಿಸುತ್ತಾರೆ. ನನ್ನ ಅಣ್ಣ ಮೊದಲು ತಂದ ದೀಪಗಳನ್ನು ಅಂಗಡಿಯವರು ೧೬೨ ವ್ಯಾಟ್ ಎಂದೇ ಹೇಳಿ ಮಾರಿದ್ದರು. ಮನೆಯ ಮೀಟರಿನಿಂದ ಅಳೆದಾಗ ಸಿಕ್ಕಿದ್ದು ೭೫.

ಅಳೆಯುವ ವಿಧಾನ ಬಹು ಸುಲಭ. ಇಂದಿನ ವಿದ್ಯುತ್ ಮೀಟರಿನ ಮೇಲೆ ಕೆಂಪಗೆ ಮಿನುಗುವ ಒಂದು ಚುಕ್ಕೆಯಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುವುದೆಂಬುದನ್ನು ಅಲ್ಲಿಯೇ ಮುದ್ರಿಸಿರುತ್ತಾರೆ. ೩೨೦೦ ಎಂದಿದೆ ಎನ್ನೋಣ. ಮನೆಯ ಬೇರೆಲ್ಲವನ್ನೂ ಆರಿಸಿ, ಪರೀಕ್ಷಿಸಬೇಕಾದ ದೀಪವೊಂದನ್ನೇ ಎಲ್ಲ ಬಣ್ಣಗಳೂ ಪೂರ್ತಿ ಉರಿಯುವಂತೆ ಹಚ್ಚಿ, ಹತ್ತು ನಿಮಿಷ ಎಣಿಸಬೇಕು. ೪೦ ಸಲ ಮಿನುಗಿದರೆ ೩೨೦೦ರಲ್ಲಿ ೪೦ ಪಾಲು, ಅಂದರೆ ಒಂದು ಯೂನಿಟ್ಟಿನ ಎಂಬತ್ತನೆಯ ಒಂದು ಪಾಲು ಖರ್ಚಾಯಿತು. ಒಂದು ಯೂನಿಟ್ ಎಂದರೆ ೧೦೦೦ ವ್ಯಾಟ್-ಘಂಟೆ. ಅದರ ಎಂಬತ್ತನೆಯ ಪಾಲು ೧೨.೫. ಘಂಟೆಯಲ್ಲಿ ಇಂಥ ಹತ್ತು ನಿಮಿಷಗಳು ಆರು, ೧೨.೫ನ್ನು ಆರರಿಂದ ಗುಣಿಸಿದರೆ ೭೫ ವ್ಯಾಟ್. ಇದಕ್ಕೆ ಯಾವ ಉಪಕರಣವೂ ಬೇಡ, ಗಡಿಯಾರವೊಂದಿದ್ದರೆ ಸಾಕು. ೭೫ ವ್ಯಾಟ್ ಎಂದಮಾತ್ರಕ್ಕೆ ಆ ದೀಪ ಕೆಟ್ಟದ್ದಲ್ಲ; ಕೊಟ್ಟ ಹಣಕ್ಕೆ ಅದು ಸಾಧಾರಣವಾದ ಬೆಳಕನ್ನೇ ಕೊಡುತ್ತದೆ. ಆದರೆ ಸಾಲ ಮಾಡಿ ಕೊಳ್ಳುವವನು ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದನ್ನು ತಿಳಿದು ಕೊಳ್ಳಬೇಡವೆ? ಬಾಡಿಗೆಗೆ ಒಪ್ಪಿಕೊಳ್ಳುವಾಗ ಎಷ್ಟು ದೊಡ್ಡ ವೇದಿಕೆಯನ್ನು ಬೆಳಗಬಲ್ಲೆನೆಂಬುದೂ ಇದರಿಂದಲೇ ತಿಳಿಯಬೇಕು.

ಮುಖಕ್ಕೆ ಬೇಕಾದ ಬೆಳಕು

ಕೆಂಪು, ಹಸುರು, ನೀಲಿ: ಈ ಮೂರು ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಬೇಕಾದ ಬಣ್ಣ ಬರುತ್ತದೆ. ಕೆಂಪು ಮತ್ತು ಹಸುರು ಸೇರಿದರೆ ಹಳದಿ. ಕೆಂಪು ಮತ್ತು ನೀಲಿ ಸೇರಿದರೆ ನೇರಳೆಗೆಂಪು. ಮೂರೂ ಸೇರಿದರೆ ಬಿಳುಪು. ಬಣ್ಣದ ಪುಡಿಗಳನ್ನು ಕಲೆಸಿ ಅಭ್ಯಾಸವಿರುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಬೆಳಕಿನ ಬೆರಕೆಯ ರೀತಿಯೇ ಹೀಗೆ.

ಇಲ್ಲಿಯೇ ಒಂದು ಮೋಸವಿದೆ. ಕೆಂಪು ಮತ್ತು ಹಸುರಿನಿಂದ ಕಣ್ಣಿಗೆ ಕಾಣುವ ಹಳದಿಯಲ್ಲಿ ನಿಜವಾದ ಹಳದಿಯ ಕಿರಣಗಳು ಬಹು ಕಡಮೆ. ಮೂರು ಬಣ್ಣ ಬೆರೆತ ಬಿಳಿಯ ಬೆಳಕಿನಲ್ಲೂ ಹಳದಿ, ಕಿತ್ತಳೆಗಳ ಜಾಗ ಬರಿದಾಗಿರುತ್ತದೆ. ಗೋಡೆಯ ಮೇಲೆ ಬಿದ್ದಾಗ ಈ ಕೊರತೆ ತಿಳಿಯುವುದಿಲ್ಲ. ಮನುಷ್ಯನ ಮುಖದ ಮೇಲೆ ಬಿದ್ದಾಗ ತಿಳಿಯುತ್ತದೆ. ನಮ್ಮ ಮೈಬಣ್ಣ ಕಂದು, ಎಣ್ಣೆಗಪ್ಪು, ಗೋಧಿ. ಇವೆಲ್ಲಕ್ಕೂ ಆ ಕಿತ್ತಳೆ ಹಳದಿಗಳ ಬೆಳಕೇ ಜೀವ. ಅದಿಲ್ಲದಾಗ ಮುಖ ಬೂದಿಯಂತೆಯೋ ನೇರಳೆಯಂತೆಯೋ ಕಾಣುತ್ತದೆ. ನಮ್ಮೂರಿನ ಒಂದು ಪೌರಾಣಿಕ ನಾಟಕಕ್ಕೆ ಹೊರಗಿನಿಂದ ತರಿಸಿದ ದೀಪದವರು ರಾತ್ರಿಯಿಡೀ ನೇರಳೆ, ನೀಲಿ, ಹಸುರುಗಳನ್ನು ಕುಣಿಸಿದರು. ಆರು ತಿಂಗಳು ರಿಹರ್ಸಲ್ ಮಾಡಿ, ಕೂಲಿಯ ಹಣದಲ್ಲಿ ಪಾತ್ರದ ಖರ್ಚು ಹಾಕಿಕೊಂಡು ಬಣ್ಣ ಹಚ್ಚಿದ ನಟರ ಮುಖಭಾವ ಯಾರಿಗೂ ಕಾಣಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ, "ಇವರಾಗೆ ನನ್ನ ಮೊಮ್ಮಗ ಯಾರಪ್ಪಾ?" ಎಂದು ಪಕ್ಕದವರನ್ನು ಕೇಳಿದರು.

ಕುಣಿತಕ್ಕೆ ಬೇಕಾದ ಬೆಳಕು ಬೇರೆ, ಮುಖಕ್ಕೆ ಬೇಕಾದ ಬೆಳಕು ಬೇರೆ. ಈ ಭೇದವನ್ನು ತಿಳಿಯದೆ ಡಿ.ಜೆ. ಗಾಗಿ ತಂದ ದೀಪವನ್ನೇ ನಾಟಕಕ್ಕೂ, ಆರತಕ್ಷತೆಗೂ ಹಿಡಿಯುವುದೇ ಇಂದಿನ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ. ಇದಕ್ಕೆ ಪರಿಹಾರವೂ ದುಬಾರಿಯಲ್ಲ. ಬೆಚ್ಚನೆಯ ಬಿಳುಪಿನ, ಅಂದರೆ ೩೦೦೦ ಕೆಲ್ವಿನ್ನಿನ ಆಸುಪಾಸಿನ ದೀಪಗಳನ್ನು ಮುಖಕ್ಕಾಗಿಯೇ ಬೇರೆ ಇಡಬೇಕು. ಬಣ್ಣದ ದೀಪವನ್ನು ಕೊಳ್ಳುವಾಗಲೂ ಒಂದೇ ಮಣಿಯೊಳಗೆ ಕೆಂಪು, ಹಸುರು, ನೀಲಿ, ಬಿಳುಪು ನಾಲ್ಕೂ ಇರುವ ಬಗೆಯನ್ನು ಆರಿಸಬೇಕು. ಬೇರೆ ಬೇರೆ ಬಣ್ಣದ ಮಣಿಗಳಿರುವ ದೀಪದ ಮುಂದೆ ಕೈ ಅಡ್ಡ ಹಿಡಿದರೆ ಬಣ್ಣಬಣ್ಣದ ನೆರಳುಗಳು ಗೋಡೆಯ ಮೇಲೆ ಬೀಳುತ್ತವೆ. ನಾಲ್ಕೂ ಒಂದರಲ್ಲಿರುವ ಮಣಿಯಲ್ಲಿ ಈ ತೊಂದರೆ ಇಲ್ಲ. ಅಂಗಡಿಯಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ದೀಪವನ್ನು ಅರ್ಧ ಮಂದಗೊಳಿಸಿ ಮೊಬೈಲಿನ ಕ್ಯಾಮರಾದಲ್ಲಿ ನೋಡಬೇಕು. ಎಲ್.ಇ.ಡಿ. ಯನ್ನು ಮಂದಗೊಳಿಸುವುದೆಂದರೆ ಬಹುಮಟ್ಟಿಗೆ ಅದನ್ನು ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಆರಿಸಿ ಹಚ್ಚುವುದೇ. ವೇಗ ಸಾಲದಿದ್ದರೆ ಕ್ಯಾಮರಾದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತವೆ; ಮದುವೆಯ ವೀಡಿಯೋ ಕೆಡುತ್ತದೆ; ಬಾಡಿಗೆಯ ಹಣಕ್ಕೂ ಜಗಳವಾಗುತ್ತದೆ.

ದೀಪವನ್ನು ಎಲ್ಲಿಡಬೇಕು?

ಎಷ್ಟು ಒಳ್ಳೆಯ ದೀಪವಾದರೂ ಇಡುವ ಜಾಗ ತಪ್ಪಿದರೆ ಪ್ರಯೋಜನವಿಲ್ಲ. ನೇರ ಎದುರಿನಿಂದ ಬಿದ್ದ ಬೆಳಕು ಮುಖವನ್ನು ಚಪ್ಪಟೆ ಮಾಡುತ್ತದೆ. ನೆತ್ತಿಯ ಮೇಲಿನಿಂದ ಬಿದ್ದರೆ ಕಣ್ಣು ಗುಳಿಯಾಗಿ ಕಾಣುತ್ತದೆ. ಕಾಲಡಿಯಿಂದ ಬಂದರೆ ಧರ್ಮರಾಯನೂ ರಾಕ್ಷಸನಾಗುತ್ತಾನೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ ಎಂಬುವರು ೧೯೩೨ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸುಲಭ ಮಾರ್ಗವನ್ನು ತೋರಿಸಿದ್ದಾರೆ. ನಟನ ಎಡಗಡೆ ಒಂದು, ಬಲಗಡೆ ಒಂದು, ಎರಡನ್ನೂ ಮುಂಭಾಗದಲ್ಲಿ ೪೫ ಡಿಗ್ರಿ ಓರೆಯಾಗಿ, ೪೫ ಡಿಗ್ರಿ ಎತ್ತರದಿಂದ ಬಿಡಬೇಕು. ಒಂದು ಬೆಚ್ಚನೆಯ ಬಣ್ಣದ್ದು, ಇನ್ನೊಂದು ತುಸು ತಣ್ಣನೆಯದು. ಆಗ ಮುಖದ ಉಬ್ಬು ತಗ್ಗುಗಳು ಸಹಜವಾಗಿ ಕಾಣುತ್ತವೆ. ಶಾಮಿಯಾನದ ಮುಂದಿನ ಎರಡು ಕಂಬಗಳೇ ಈ ಕೆಲಸಕ್ಕೆ ಸಾಕು.

ದೂರದ ಲೆಕ್ಕವನ್ನೂ ಮರೆಯಲಾಗದು. ದೀಪವನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಹತ್ತು ಅಡಿಯಲ್ಲಿ ಚೆನ್ನಾಗಿ ಕಂಡ ದೀಪ ಇಪ್ಪತ್ತು ಅಡಿಯಲ್ಲಿ ಮಂಕಾಯಿತೆಂದು ದೀಪವನ್ನು ದೂರಬಾರದು. ಕಡಮೆ ಶಕ್ತಿಯ ದೀಪವುಳ್ಳವರು ಹತ್ತಿರದಿಂದ ಹಿಡಿಯಬೇಕು, ಸಣ್ಣ ಜಾಗವನ್ನು ಬೆಳಗಬೇಕು.

ಹತೋಟಿಯ ವಿಧಾನ

ಹಲವು ದೀಪಗಳನ್ನು ಒಂದೇ ಪೆಟ್ಟಿಗೆಯಿಂದ ಆಳುವುದಕ್ಕೆ ಡಿ.ಎಂ.ಎಕ್ಸ್. ೫೧೨ ಎಂಬ ಪದ್ಧತಿಯಿದೆ. ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು ೧೯೮೬ರಲ್ಲಿ ಇದನ್ನು ರೂಪಿಸಿತು. ಹೆಸರು ಭಯ ಹುಟ್ಟಿಸಿದರೂ ವಿಷಯ ಸರಳ. ಒಂದು ಬೀದಿಯಲ್ಲಿ ೫೧೨ ಮನೆಗಳಿವೆಯೆಂದು ಭಾವಿಸಿ. ಅಂಚೆಯವನು ಮೊದಲ ಮನೆಯಿಂದ ಕೊನೆಯವರೆಗೆ ಓಡುತ್ತ ಪ್ರತಿ ಮನೆಗೂ ೦ಯಿಂದ ೨೫೫ರೊಳಗಿನ ಒಂದು ಸಂಖ್ಯೆಯನ್ನು ಹಾಕಿ ಹೋಗುತ್ತಾನೆ. ಮುಗಿದೊಡನೆ ಮತ್ತೆ ಮೊದಲಿನಿಂದ. ಏಳು ಮನೆ ಬೇಕಾದ ದೀಪಕ್ಕೆ ೧ ಎಂಬ ವಿಳಾಸ ಕೊಟ್ಟರೆ ಅದು ೧ರಿಂದ ೭ರವರೆಗಿನ ಕಾಗದಗಳನ್ನು ತೆಗೆದುಕೊಳ್ಳುತ್ತದೆ: ಒಂದು ಒಟ್ಟು ಪ್ರಕಾಶಕ್ಕೆ, ಒಂದು ಕೆಂಪಿಗೆ, ಒಂದು ಹಸುರಿಗೆ, ಹೀಗೆ. ೦ ಎಂದರೆ ಆರಿದೆ, ೨೫೫ ಎಂದರೆ ಪೂರ್ತಿ, ೧೨೮ ಎಂದರೆ ಅರ್ಧದ ಆಸುಪಾಸು. ಎರಡನೆಯ ದೀಪಕ್ಕೆ ೮, ಮೂರನೆಯದಕ್ಕೆ ೧೫, ನಾಲ್ಕನೆಯದಕ್ಕೆ ೨೨ ಎಂದು ವಿಳಾಸ ಕೊಡಬೇಕು. ಎರಡು ದೀಪಗಳಿಗೆ ಒಂದೇ ವಿಳಾಸ ಕೊಟ್ಟರೆ ಅವು ಅವಳಿಗಳಂತೆ ಒಂದೇ ರೀತಿ ವರ್ತಿಸುತ್ತವೆ. ಕೆಲವೊಮ್ಮೆ ಇದೇ ಬೇಕಾಗಿರುತ್ತದೆ.

ಅಗ್ಗದಲ್ಲಿ ಸಿಗುವ ೧೯೨ ಚಾನಲಿನ ಪೆಟ್ಟಿಗೆಯಲ್ಲಿ ಮಾತ್ರ ಒಂದು ವಿಶೇಷವಿದೆ. ಅದು ೧೨ ದೀಪಗಳಿಗೆ ತಲಾ ೧೬ ಮನೆಗಳನ್ನು ಮೊದಲೇ ಹಂಚಿಟ್ಟಿರುತ್ತದೆ. ಆದುದರಿಂದ ಅದರೊಡನೆ ವಿಳಾಸಗಳು ೧, ೧೭, ೩೩, ೪೯ ಎಂದು ಸಾಗಬೇಕು. ಇಷ್ಟನ್ನು ತಿಳಿಯದೆ ಎಷ್ಟೋ ಜನ ಹೊಸ ಪೆಟ್ಟಿಗೆಯನ್ನು ಕೆಟ್ಟಿತೆಂದು ಮೂಲೆಗಿಟ್ಟಿದ್ದಾರೆ. ಇನ್ನೊಂದು ವಿಷಯ: ಸಾಲಿನ ಕೊನೆಯ ದೀಪದಲ್ಲಿ, ೨ ಮತ್ತು ೩ನೆಯ ಪಿನ್ನುಗಳ ನಡುವೆ ೧೨೦ ಓಮಿನ ರೆಸಿಸ್ಟರ್ ಬೆಸೆದ ಪ್ಲಗ್ಗನ್ನು ಹಾಕಬೇಕು. ಹಾಕದಿದ್ದರೆ ಸಂಕೇತ ತಂತಿಯ ತುದಿಯಲ್ಲಿ ತಾಗಿ ಪ್ರತಿಧ್ವನಿಯಂತೆ ಹಿಂದಿರುಗಿ, ಉದ್ದ ಸಾಲಿನಲ್ಲಿ ದೀಪಗಳು ತಾವೇ ತಾವಾಗಿ ಮಿನುಗತೊಡಗುತ್ತವೆ. ಕೆಲವೇ ರೂಪಾಯಿಗಳ ಈ ವಸ್ತುವನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುವವರು ಕಡಮೆ.

ಅಪಾಯಗಳು

ಬೆಳಕಿಗಿಂತ ಪ್ರಾಣ ದೊಡ್ಡದು. ಕಂಬದ ತಂತಿಗೆ ಕೊಕ್ಕೆ ಹಾಕಿ ವಿದ್ಯುತ್ತು ಎಳೆಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಉಂಟು. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಎಲ್.ಇ.ಡಿ. ಗೆ ಬೇಕಾದ ವಿದ್ಯುತ್ತು ಇಷ್ಟು ಕಡಮೆಯಿರುವಾಗ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆಯುವುದಕ್ಕಾಗಲಿ, ಸಣ್ಣ ಜನರೇಟರ್ ಇಡುವುದಕ್ಕಾಗಲಿ ಹಿಂದೆಗೆಯಬೇಕಾದುದಿಲ್ಲ. ದೀಪದ ಮೈ ಲೋಹದ್ದು, ಸ್ಟ್ಯಾಂಡೂ ಲೋಹದ್ದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ನನ್ನು ಮುರಿದು ಉಪಯೋಗಿಸುವುದು ಸಾವನ್ನು ಕರೆದಂತೆ. ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಬೋರ್ಡಿನಲ್ಲಿ ಹಾಕಿಸಿದರೆ, ವಿದ್ಯುತ್ತು ಮನುಷ್ಯನ ಮೈಯ ಮೂಲಕ ನೆಲಕ್ಕೆ ಸೋರತೊಡಗಿದ ಕ್ಷಣದಲ್ಲಿಯೇ ಅದು ಸಂಪರ್ಕವನ್ನು ಕಡಿಯುತ್ತದೆ. ಒಂದು ದೀಪದ ಬೆಲೆಯಲ್ಲಿ ಊರ ಹುಡುಗರೆಲ್ಲರ ಪ್ರಾಣಕ್ಕೆ ಕಾವಲು ದೊರೆಯುತ್ತದೆ.

ಮಳೆಯ ವಿಚಾರ: ಒಳಾಂಗಣದ ಅಗ್ಗದ ದೀಪಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿದಮಾತ್ರಕ್ಕೆ ಅದು ಮಳೆಗೆ ತಡೆಯುವುದಿಲ್ಲ, ಮೇಲಾಗಿ ಗಾಳಿಯಾಡದೆ ಕಾಯುತ್ತದೆ. ಹೊರಗಿನ ಕೆಲಸಕ್ಕೆ ಐ.ಪಿ. ೬೫ ಎಂಬ ಗುರುತಿನ ದೀಪವೇ ಬೇಕು. ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಎತ್ತರದ ಚೌಕಟ್ಟು ಕಟ್ಟುವವರು ದಾರಿಯ ವಿದ್ಯುತ್ ತಂತಿಗಳ ಎತ್ತರವನ್ನು ಹಗಲಿನಲ್ಲಿಯೇ ನೋಡಿ ಬರಬೇಕು. ತೂಗುಹಾಕಿದ ಪ್ರತಿ ದೀಪಕ್ಕೂ ಕ್ಲಾಂಪಿನ ಜೊತೆಗೆ ಒಂದು ಸರಪಳಿಯಿರಲಿ. ಪಟಪಟನೆ ಮಿಂಚುವ ಸ್ಟ್ರೋಬ್ ಬೆಳಕು ಮೂರ್ಛೆರೋಗವುಳ್ಳ ಕೆಲವರಲ್ಲಿ ರೋಗವನ್ನು ಕೆರಳಿಸಬಲ್ಲದು. ಸೆಕೆಂಡಿಗೆ ಮೂರು-ನಾಲ್ಕು ಮಿಂಚಿಗಿಂತ ಹೆಚ್ಚು ವೇಗವನ್ನು ಬಿಡುವುದೇ ಮೇಲು. ಲೇಸರ್ ಕಿರಣವನ್ನಂತೂ ಜನರ ಕಣ್ಣಿನ ಮಟ್ಟಕ್ಕೆ ಎಂದಿಗೂ ಇಳಿಸಕೂಡದು.

ಕಡಮೆ ಹಣದಲ್ಲಿ ಮೊದಲು ಯಾವುದು?

ಹೊಸದಾಗಿ ಈ ಕೆಲಸಕ್ಕೆ ಇಳಿಯುವವರ ಕಣ್ಣು ಮೊದಲು ಹೋಗುವುದು ತಲೆ ತಿರುಗಿಸುವ ಮೂವಿಂಗ್ ಹೆಡ್ಡಿನ ಮೇಲೆ, ಅದರಲ್ಲಿಯೂ ಶಾರ್ಪಿಯ ಮೇಲೆ. ಅದು ಆಕಾಶಕ್ಕೆ ಬೆಳಕಿನ ಕೋಲು ಎಸೆಯುತ್ತದೆ, ನಿಜ. ಆದರೆ ಸಾಲದ ಮೊದಲ ಕಂತಿನಲ್ಲಿ ಕೊಳ್ಳತಕ್ಕ ವಸ್ತುವಲ್ಲ. ಮೊದಲು ಬೆಚ್ಚನೆಯ ಬಿಳುಪಿನ ಎರಡು ಮುಖದ ದೀಪ. ಅನಂತರ ನಾಲ್ಕು ಬಣ್ಣದ ದೀಪ, ಎರಡು ಹಿಂಪರದೆಗೆ, ಎರಡು ಹಿಂದಿನಿಂದ ನಟರ ಭುಜಕ್ಕೆ. ಆಮೇಲೆ ಗಟ್ಟಿಯಾದ ಸ್ಟ್ಯಾಂಡು, ಒಳ್ಳೆಯ ತಂತಿ, ಆರ್.ಸಿ.ಸಿ.ಬಿ. ಇರುವ ಬೋರ್ಡು, ಆಮೇಲೆ ಹತೋಟಿಯ ಪೆಟ್ಟಿಗೆ. ಹೊಗೆಯಂತ್ರ, ಶಾರ್ಪಿ, ಲೇಸರ್‌ಗಳೆಲ್ಲ ದುಡಿದ ಹಣದಲ್ಲಿ ಬರಲಿ. ಈ ಆರು ದೀಪಗಳಿಂದ ಆರತಕ್ಷತೆ, ಶಾಲೆಯ ವಾರ್ಷಿಕೋತ್ಸವ, ಭಜನೆ, ನಾಟಕ ಎಲ್ಲವನ್ನೂ ನಿರ್ವಹಿಸಬಹುದು. ಮದುವೆಗಳಿಲ್ಲದ ತಿಂಗಳುಗಳಲ್ಲಿಯೂ ಕಂತು ನಿಲ್ಲುವುದಿಲ್ಲ. ಆದುದರಿಂದ ವರ್ಷವಿಡೀ ಕೆಲಸ ಕೊಡುವ ದೀಪವೇ ಒಳ್ಳೆಯ ದೀಪ.

ಅಗ್ಗದ ಸಾಮಗ್ರಿಯಿಂದ ಕಲೆ ಹುಟ್ಟೀತೆ ಎಂದು ಕೆಲವರು ಸಂದೇಹಪಡಬಹುದು. ಬಂಗಾಳದ ತಾಪಸ್ ಸೇನ್ ಅವರ ಉದಾಹರಣೆ ಇದಕ್ಕೆ ಉತ್ತರ. ೧೯೫೯ರಲ್ಲಿ ಕಲ್ಕತ್ತೆಯಲ್ಲಿ ಉತ್ಪಲ ದತ್ತರ "ಅಂಗಾರ್" ನಾಟಕಕ್ಕೆ ಅವರು ಬೆಳಕು ಕೊಟ್ಟರು. ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಕೂಲಿಗಳು ಮುಳುಗುವ ದೃಶ್ಯವನ್ನು ಒಂದು ಹನಿ ನೀರಿಲ್ಲದೆ ಬೆಳಕಿನಿಂದಲೇ ತೋರಿಸಿದರು. ಅಂದು ಅವರಲ್ಲಿ ಎಲ್.ಇ.ಡಿ. ಇರಲಿಲ್ಲ, ಡಿ.ಎಂ.ಎಕ್ಸ್. ಇರಲಿಲ್ಲ, ಆಲೋಚನೆಯಿತ್ತು. ನಮ್ಮ ಜಿಲ್ಲೆಯಲ್ಲಿಯೇ ಕಲಿಯುವ ಅವಕಾಶವೂ ಉಂಟು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶಿವಕುಮಾರ ರಂಗಪ್ರಯೋಗ ಶಾಲೆಯಿದೆ. ಅಲ್ಲಿಂದ ಶಿವಸಂಚಾರ ತಂಡ ೧೯೯೭ರಿಂದ ನಾಡಿನಾದ್ಯಂತ ಸಂಚರಿಸಿ ನಾಟಕಗಳನ್ನು ಆಡುತ್ತ ಬಂದಿದೆ. ದೀಪದ ಕೆಲಸ ಮಾಡುವ ಯುವಕರು ಅಲ್ಲಿಯ ನಾಟಕೋತ್ಸವಕ್ಕೆ ಹೋಗಿ, ಆಟವನ್ನು ನೋಡುವಂತೆಯೇ ದೀಪಗಳನ್ನೂ ನೋಡಬೇಕು. ಯಾವ ದೀಪ ಎಲ್ಲಿದೆ, ಯಾವ ಮಾತಿಗೆ ಬೆಳಕು ಬದಲಾಯಿತು, ಎಷ್ಟು ಹೊತ್ತು ಬದಲಾಗದೆ ನಿಂತಿತು ಎಂಬುದನ್ನು ಗಮನಿಸಬೇಕು. ಯಾವಾಗ ಬದಲಾಯಿಸಬಾರದು ಎಂಬುದನ್ನು ತಿಳಿಯುವುದೇ ಈ ವಿದ್ಯೆಯ ಅರ್ಧ.

ಕೊನೆಯದಾಗಿ ನನ್ನ ಸಹಪಾಠಿ ಮಿತ್ರರಲ್ಲಿ ಎರಡು ಬಿನ್ನಹ. ನಮ್ಮಲ್ಲಿ ಬಹುಮಂದಿ ಹಳ್ಳಿಯಿಂದ ಬಂದವರು. ನಮ್ಮ ಅಣ್ಣಂದಿರು, ಮಾವಂದಿರು ಮೋಟಾರು ರಿಪೇರಿ, ಬೋರ್‌ವೆಲ್, ಶಾಮಿಯಾನ, ಧ್ವನಿವರ್ಧಕ ಎಂದು ನಾನಾ ಕಸುಬುಗಳಲ್ಲಿದ್ದಾರೆ. ಅವರ ಪೆಟ್ಟಿಗೆಗಳಲ್ಲಿರುವ ಇಂಗ್ಲಿಷ್ ಪುಸ್ತಿಕೆಗಳನ್ನು ಒಂದೊಂದಾಗಿ ತಿಳಿಗನ್ನಡದಲ್ಲಿ ಬರೆದುಕೊಟ್ಟರೆ ನಾವು ಓದಿದ ಓದು ಮನೆಗೆ ಮುಟ್ಟಿದಂತಾಗುತ್ತದೆ. ಎರಡನೆಯದು ಇನ್ನೂ ಸಣ್ಣದು. ಊರಿನ ನಾಟಕದ ಕರಪತ್ರದಲ್ಲಿ ಅಧ್ಯಕ್ಷರಿಂದ ಮೊದಲುಗೊಂಡು ಪಾತ್ರಧಾರಿಗಳು, ವಾದ್ಯದವರು, ಪರದೆಯವರವರೆಗೆ ಎಲ್ಲರ ಹೆಸರನ್ನೂ ಅಚ್ಚುಹಾಕಿಸುತ್ತೇವೆ. ಅದೇ ಕರಪತ್ರದಲ್ಲಿ "ಬೆಳಕು" ಎಂದು ಒಂದು ಸಾಲನ್ನು ಸೇರಿಸಿ, ಅದರ ಮುಂದೆ ಆ ಕೆಲಸ ಮಾಡುವವರ ಹೆಸರನ್ನು ಬರೆಯೋಣ. ಹೆಸರು ಅಚ್ಚಾದವನು ತನ್ನ ಕೆಲಸವನ್ನು ಇನ್ನಷ್ಟು ಕಲಿಯುತ್ತಾನೆ. ಅವನು ಕಲಿತಷ್ಟೂ ನಮ್ಮೂರಿನ ಕಲಾವಿದರ ಮುಖ ನಮ್ಮೂರಿನವರಿಗೆ ಚೆನ್ನಾಗಿ ಕಾಣುತ್ತದೆ.